ಕ್ಲೈಂಟ್ ಲಾಗಿನ್‌ನಿಂದ ಒಮ್ಮೆ ಒಳಗೆ ಹೋಗಿ ನೋಡಿ

ವೆಬ್‌ಸೈಟ್ ಕೆಲಸ ಮುಗಿಸಿ ಕ್ಲೈಂಟ್‌ಗೆ ಒಪ್ಪಿಸುವ ಮುಂಚೆ ನಾನು ತಪ್ಪದೇ ಮಾಡುವ ಕೆಲಸ ಒಂದಿದೆ. ಎಲ್ಲ ಅಧಿಕಾರವೂ ಇರುವ ನನ್ನ ಅಡ್ಮಿನ್ ಲಾಗಿನ್ ಬಿಟ್ಟು, ಅವರಿಗೆ ಕೊಡಲಿರುವ ಲಾಗಿನ್‌ನಿಂದ ಒಳಗೆ ಹೋಗುತ್ತೇನೆ. ಅವರು ದಿನಾ ಏನು ಮಾಡುತ್ತಾರೋ ಅದನ್ನೆಲ್ಲ ನಾನೇ ಮಾಡಿ ನೋಡುತ್ತೇನೆ. ನೋಟಿಸ್ ಹಾಕುತ್ತೇನೆ, ಪಿಡಿಎಫ್ ಸೇರಿಸುತ್ತೇನೆ, ಹಾಕಿದ್ದನ್ನು ತಿದ್ದುತ್ತೇನೆ. ಆಮೇಲೆ ಅವರು ಮಾಡಬಾರದ್ದನ್ನೂ ಮಾಡಲು ನೋಡುತ್ತೇನೆ. ಇಷ್ಟಕ್ಕೆ ಅರ್ಧ ದಿನ ಹೋಗುತ್ತದೆ. ಬಿಲ್‌ನಲ್ಲಿ ಇದಕ್ಕೆ ಬೇರೆ ಸಾಲು ಹಾಕುವುದಿಲ್ಲ, ಆದರೆ ಇದನ್ನು ಮಾಡದೆ ಯಾವ ಸೈಟನ್ನೂ ಒಪ್ಪಿಸುವುದಿಲ್ಲ.

ನಾನು ದಾವಣಗೆರೆಯಲ್ಲಿ ಕೂತು ಸಣ್ಣ ಸಣ್ಣ ಸಂಸ್ಥೆಗಳ ಸೈಟ್ ಮಾಡುತ್ತೇನೆ. ಪಿಯು ಕಾಲೇಜು, ಅಡಿಕೆ ಬೆಳೆಗಾರರ ಸೊಸೈಟಿ, ಇಳಕಲ್ ಸೀರೆ ಅಂಗಡಿ, ಹಲ್ಲಿನ ಡಾಕ್ಟರ ಕ್ಲಿನಿಕ್, ಇಂಥವರೇ ಜಾಸ್ತಿ. ಎಲ್ಲವೂ ವರ್ಡ್‌ಪ್ರೆಸ್ ಎಂಬ, ಸೈಟ್ ನಡೆಸುವ ಸಾಫ್ಟ್‌ವೇರ್‌ನಲ್ಲೇ. ಇವರಲ್ಲಿ ಯಾರ ಹತ್ತಿರವೂ ಕಂಪ್ಯೂಟರ್ ವಿಭಾಗ ಅಂತ ಇಲ್ಲ. ಆಫೀಸಿನಲ್ಲಿ ಟೈಪ್ ಮಾಡಲು ಬರುವ ಒಬ್ಬರ ಕೈಗೆ ಸೈಟ್ ಹೋಗುತ್ತದೆ. ಅವರು ಮನಸ್ಸಿಟ್ಟು ಕೆಲಸ ಮಾಡುವವರು. ಆದರೆ ಎಲ್ಲಿ ಕೈ ಇಡಬಾರದು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ನಮ್ಮ ಕೆಲಸದಲ್ಲಿ ಇರುವ ಬಹಳ ಜನ ಎಲ್ಲರಿಗೂ ಅಡ್ಮಿನಿಸ್ಟ್ರೇಟರ್ ಲಾಗಿನ್ ಕೊಟ್ಟುಬಿಡುತ್ತಾರೆ. ಅದರ ಕಾರಣ ನನಗೂ ಗೊತ್ತು. ಕಡಿಮೆ ಪರ್ಮಿಷನ್ ಕೊಟ್ಟರೆ ದಿನಾ ಫೋನು: ‘ಮೇಡಂ ಇದು ಕಾಣ್ತಾ ಇಲ್ಲ, ಅದು ಓಪನ್ ಆಗ್ತಾ ಇಲ್ಲ’. ಅಡ್ಮಿನ್ ಕೊಟ್ಟರೆ ಫೋನ್ ಬರುವುದಿಲ್ಲ. ಆದರೆ ಒಂದು ದಿನ ಬರುವ ಫೋನು ‘ಸೈಟೇ ಇಲ್ಲ ಮೇಡಂ’ ಎನ್ನುವುದು. ವೆಬ್ ಸುರಕ್ಷತೆಯ ವಿಷಯದಲ್ಲಿ ಎಲ್ಲರೂ ನೋಡುವ ಓವಾಸ್ಪ್ ಸಂಸ್ಥೆಯ ಟಾಪ್ 10 ಅಪಾಯಗಳ ಪಟ್ಟಿಯಲ್ಲಿ, ಯಾರಿಗೆ ಏನು ಸಿಗಬೇಕು ಎಂಬ ಲೆಕ್ಕ ತಪ್ಪುವುದು 2017ರಲ್ಲಿ ಐದನೇ ಜಾಗದಲ್ಲಿತ್ತು. 2021ರಲ್ಲಿ ಮೊದಲನೇ ಜಾಗಕ್ಕೆ ಬಂತು. ದೊಡ್ಡ ಕಂಪನಿಗಳ ಸೈಟ್ ಆಗಲಿ, ಕಾಲೇಜಿನ ಸೈಟ್ ಆಗಲಿ, ತೊಂದರೆಯ ಬೇರು ಒಂದೇ.

ವರ್ಡ್‌ಪ್ರೆಸ್‌ನಲ್ಲಿ ಒಂದು ಸೈಟಿಗೆ ಐದು ರೋಲ್‌ಗಳು ಬರುತ್ತವೆ. ಅಡ್ಮಿನಿಸ್ಟ್ರೇಟರ್, ಎಡಿಟರ್, ಆಥರ್, ಕಾಂಟ್ರಿಬ್ಯೂಟರ್, ಸಬ್‌ಸ್ಕ್ರೈಬರ್. ಮೊದಲು ಇವು ಇರಲಿಲ್ಲ, 0ಯಿಂದ 10ರವರೆಗೆ ಲೆವೆಲ್ ಅಂತ ಇತ್ತು. 2005ರ ಡಿಸೆಂಬರ್‌ನಲ್ಲಿ ಬಂದ 2.0 ಆವೃತ್ತಿಯಲ್ಲಿ ಈ ರೋಲ್‌ಗಳು ಬಂದವು. ಪ್ರತಿ ರೋಲ್ ಎಂದರೆ ಒಂದಷ್ಟು ಕೇಪಬಿಲಿಟಿಗಳ ಕಟ್ಟು: ಪೋಸ್ಟ್ ಬರೆಯಬಹುದು, ಬೇರೆಯವರ ಪೋಸ್ಟ್ ತಿದ್ದಬಹುದು, ಫೈಲ್ ಏರಿಸಬಹುದು, ಪ್ಲಗಿನ್ (ಸೈಟಿಗೆ ಹೊಸ ಸೌಲಭ್ಯ ಕೊಡುವ ಸೇರ್ಪಡೆ) ಹಾಕಬಹುದು, ಹೀಗೆ. ಯಾವ ರೋಲ್‌ಗೆ ಯಾವುದು ಇದೆ ಎಂಬ ಕೋಷ್ಟಕ ಎಲ್ಲಿ ಬೇಕಾದರೂ ಸಿಗುತ್ತದೆ. ಅದನ್ನು ಓದಿ ರೋಲ್ ಆರಿಸಿ ಕೊಟ್ಟರೆ ಸಾಕು ಎಂದು ಅನಿಸುತ್ತದೆ. ಸಾಲುವುದಿಲ್ಲ. ಯಾಕೆ ಎಂದು ಕಾಲೇಜಿನ ಸೈಟನ್ನೇ ಇಟ್ಟುಕೊಂಡು ಹೇಳುತ್ತೇನೆ.

ಆ ಕಾಲೇಜಿನಲ್ಲಿ ಕನ್ನಡ ಲೆಕ್ಚರರ್ ಒಬ್ಬರು ಎನ್‌ಎಸ್‌ಎಸ್ ಶಿಬಿರ, ರಾಜ್ಯೋತ್ಸವ, ಕ್ರೀಡಾಕೂಟದ ವರದಿಗಳನ್ನು ಬರೆಯುತ್ತಾರೆ. ಪ್ರಿನ್ಸಿಪಾಲರು ನೋಡಿದ ಮೇಲೆಯೇ ಅದು ಸೈಟಿನಲ್ಲಿ ಬರಬೇಕು. ಕೋಷ್ಟಕ ನೋಡಿದರೆ ಇದಕ್ಕೆ ಹೇಳಿ ಮಾಡಿಸಿದ ರೋಲ್ ಕಾಂಟ್ರಿಬ್ಯೂಟರ್. ಬರೆಯಬಹುದು, ಪಬ್ಲಿಷ್ ಮಾಡುವಂತಿಲ್ಲ. ನಾನು ಆ ಲಾಗಿನ್ ಮಾಡಿ, ಪ್ರೈವೇಟ್ ವಿಂಡೋದಲ್ಲಿ ಒಳಗೆ ಹೋಗಿ, ಅವರದೇ ಹಳೆಯ ವರದಿಯೊಂದನ್ನು ಹಾಕಲು ಕೂತೆ. ಬರಹ ಬಂತು. ಫೋಟೊ ಹಾಕಲು ಹೋದರೆ ಅನುಮತಿ ಇಲ್ಲ ಎಂದಿತು. ಕಾಂಟ್ರಿಬ್ಯೂಟರ್‌ಗೆ ಫೈಲ್ ಏರಿಸುವ ಹಕ್ಕೇ ಇಲ್ಲ. ಫೋಟೊ ಇಲ್ಲದ ಶಿಬಿರದ ವರದಿಯನ್ನು ಯಾವ ಕಾಲೇಜು ಹಾಕುತ್ತದೆ? ಮುಂದೆ ಏನಾಗುತ್ತಿತ್ತು ಎಂದರೆ, ಅವರು ಫೋಟೊಗಳನ್ನು ಆಫೀಸಿನವರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಆಫೀಸಿನವರು ಬೇಸತ್ತು ತಮ್ಮ ಪಾಸ್‌ವರ್ಡನ್ನೇ ಅವರಿಗೆ ಕೊಡುತ್ತಾರೆ. ಅಲ್ಲಿಗೆ ನಾವು ಹಾಕಿದ ಬೇಲಿ ಮುಗಿಯಿತು.

ಅದೇ ಪೋಸ್ಟನ್ನು ಪ್ರಿನ್ಸಿಪಾಲರ ಒಪ್ಪಿಗೆಗೆ ಕಳಿಸಿದೆ. ‘ಪೆಂಡಿಂಗ್ ರಿವ್ಯೂ’ ಎಂದು ಬಂತು. ಪ್ರಿನ್ಸಿಪಾಲರ ಲಾಗಿನ್‌ಗೆ ಇಟ್ಟಿದ್ದ ಮೇಲ್‌ಗೆ ಏನೂ ಬರಲಿಲ್ಲ. ಒಂದು ಪೋಸ್ಟ್ ಒಪ್ಪಿಗೆಗೆ ಕಾಯುತ್ತಿದೆ ಎಂದು ವರ್ಡ್‌ಪ್ರೆಸ್ ತಾನಾಗಿ ಯಾರಿಗೂ ಮೇಲ್ ಕಳಿಸುವುದಿಲ್ಲ. ಪ್ರಿನ್ಸಿಪಾಲರು ದಿನಾ ಲಾಗಿನ್ ಮಾಡಿ ನೋಡುವವರಲ್ಲ. ವರದಿ ಅಲ್ಲೇ ಕೂತಿರುತ್ತದೆ, ಲೆಕ್ಚರರಿಗೆ ‘ನಾನು ಬರೆದದ್ದು ಬೇಡವಾಯಿತೇನೋ’ ಎಂದು ಬೇಜಾರು. ಪಬ್ಲಿಷ್ ಆದ ಮೇಲೆ ಇನ್ನೊಂದು ತೊಡಕು. ಕಾಂಟ್ರಿಬ್ಯೂಟರ್ ತನ್ನ ಬರಹ ಒಮ್ಮೆ ಪ್ರಕಟವಾದರೆ ಅದನ್ನು ತಿದ್ದುವಂತಿಲ್ಲ. ಒಂದು ಒತ್ತಕ್ಷರ ತಪ್ಪಿದ್ದರೂ ಬೇರೆಯವರನ್ನೇ ಕೇಳಬೇಕು. ಕನ್ನಡ ಮೇಷ್ಟ್ರಿಗೆ ಇದಕ್ಕಿಂತ ಹಿಂಸೆ ಇನ್ನೇನಿದೆ?

ಹಾಗಂತ ಆಥರ್ ಕೊಟ್ಟರೆ ಫೋಟೊ ಏರುತ್ತದೆ, ತಿದ್ದಲೂ ಆಗುತ್ತದೆ, ಆದರೆ ಪ್ರಿನ್ಸಿಪಾಲರನ್ನು ಕೇಳದೆ ನೇರ ಪಬ್ಲಿಷ್ ಆಗಿಬಿಡುತ್ತದೆ. ಕೊನೆಗೆ ಮಾಡಿದ್ದು ಇಷ್ಟು. ಕಾಂಟ್ರಿಬ್ಯೂಟರ್ ಇದ್ದಂತೆಯೇ ಇಟ್ಟು, ಅದರ ನಕಲಿನಂತೆ ಒಂದು ಹೊಸ ರೋಲ್ ಮಾಡಿ, ಅದಕ್ಕೆ ಫೈಲ್ ಏರಿಸುವ ಕೇಪಬಿಲಿಟಿ ಮಾತ್ರ ಸೇರಿಸಿದೆ. ಪೆಂಡಿಂಗ್ ಆದ ತಕ್ಷಣ ಪ್ರಿನ್ಸಿಪಾಲರಿಗೂ ಆಫೀಸಿಗೂ ಮೇಲ್ ಹೋಗುವಂತೆ ನಾಲ್ಕು ಸಾಲು ಕೋಡ್ ಬರೆದೆ. ತಿದ್ದುವ ಕೆಲಸ ಆಫೀಸಿನವರ ಎಡಿಟರ್ ಲಾಗಿನ್‌ಗೆ ಬಿಟ್ಟೆ. ಲೆಕ್ಚರರನ್ನೇ ಕೂರಿಸಿ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ: ‘ಮೇಡಂ, ಬೇರೆಯವರು ಹಾಕಿದ ಫೋಟೊಗಳೂ ನನಗೆ ಕಾಣ್ತಾ ಇವೆಯಲ್ಲ, ಪರವಾಗಿಲ್ವಾ?’ ಒಳ್ಳೆಯ ಪ್ರಶ್ನೆ. ಫೈಲ್ ಏರಿಸುವ ಹಕ್ಕು ಇದ್ದವರಿಗೆ ಇಡೀ ಮೀಡಿಯಾ ಲೈಬ್ರರಿ ಕಾಣುತ್ತದೆ. ಬೇರೆಯವರದ್ದನ್ನು ಅಳಿಸಲು ಆಗುವುದಿಲ್ಲ, ನೋಡಬಹುದು. ಶಿಬಿರದ ಫೋಟೊ ಕಂಡರೆ ತೊಂದರೆ ಇಲ್ಲ. ಆದರೆ ಯಾರಾದರೂ ಅಲ್ಲಿ ವಿದ್ಯಾರ್ಥಿಗಳ ಅಂಕಪಟ್ಟಿ ಏರಿಸಿಟ್ಟಿದ್ದರೆ ಅದೂ ಕಾಣುತ್ತದೆ. ಅದಕ್ಕೇ ಆಫೀಸಿನವರಿಗೆ, ಸೈಟಿನಲ್ಲಿ ಎಲ್ಲರಿಗೂ ತೋರಿಸಬಹುದಾದ ಫೈಲ್ ಬಿಟ್ಟು ಬೇರೇನೂ ಅಲ್ಲಿ ಏರಿಸಬೇಡಿ ಎಂದು ಬರೆದೇ ಕೊಟ್ಟೆ.

ಇನ್ನು ಎಡಿಟರ್. ಅಡ್ಮಿನ್ ಕೊಡದವರು ಕ್ಲೈಂಟ್‌ಗಳಿಗೆ ಹೆಚ್ಚಾಗಿ ಕೊಡುವುದು ಇದನ್ನೇ. ನಾನೂ ಕೊಡುತ್ತೇನೆ. ಪುಟ ತಿದ್ದಬಹುದು, ನೋಟಿಸ್ ಹಾಕಬಹುದು, ಪ್ಲಗಿನ್, ಸೈಟಿನ ರೂಪ ನಿರ್ಧರಿಸುವ ಥೀಮ್, ಸೆಟ್ಟಿಂಗ್ಸ್ ಯಾವುದೂ ಕೈಗೆ ಸಿಗುವುದಿಲ್ಲ. ಮೇಲ್ನೋಟಕ್ಕೆ ಸುರಕ್ಷಿತ. ಆದರೆ ಎಡಿಟರ್ ಲಾಗಿನ್‌ನಿಂದ ಒಳಗೆ ಹೋಗಿ ಹೋಮ್ ಪೇಜನ್ನು ಟ್ರ್ಯಾಶ್‌ಗೆ ಹಾಕಿ ನೋಡಿ. ಟೆಸ್ಟ್ ಸೈಟಿನಲ್ಲಿ ಮಾತ್ರ ಮಾಡಿ, ಮತ್ತೆ.

ಹೋಗುತ್ತದೆ. ಪುಟಗಳ ಪಟ್ಟಿಯಿಂದ ಹಾಕಿದರೆ ಒಂದು ಮಾತೂ ಕೇಳದೆ ಹೋಗುತ್ತದೆ. ಎಡಿಟರ್‌ಗೆ ಪ್ರಕಟವಾದ ಪುಟಗಳನ್ನು, ಬೇರೆಯವರು ಮಾಡಿದ ಪುಟಗಳನ್ನೂ ಅಳಿಸುವ ಹಕ್ಕಿದೆ. ಹೋಮ್ ಪೇಜ್ ಕೂಡ ಒಂದು ಪುಟವೇ ತಾನೆ. ಅದು ಟ್ರ್ಯಾಶ್‌ಗೆ ಹೋದ ಕ್ಷಣ ವರ್ಡ್‌ಪ್ರೆಸ್ ಇನ್ನೊಂದು ಕೆಲಸ ಮಾಡುತ್ತದೆ. ‘ಈ ಪುಟವೇ ಮುಖಪುಟ’ ಎಂಬ ಸೆಟ್ಟಿಂಗನ್ನೂ ತೆಗೆದುಹಾಕಿ, ಆ ಜಾಗದಲ್ಲಿ ಇತ್ತೀಚಿನ ಪೋಸ್ಟ್‌ಗಳ ಪಟ್ಟಿ ತೋರಿಸಲು ಶುರು ಮಾಡುತ್ತದೆ. ಕ್ಲರ್ಕ್ ಗಾಬರಿಯಾಗಿ ಟ್ರ್ಯಾಶ್‌ನಿಂದ ಪುಟವನ್ನು ವಾಪಸ್ ತರುತ್ತಾರೆ. 2020ರ 5.6 ಆವೃತ್ತಿಯಿಂದ ಈಚೆಗೆ ಹಾಗೆ ವಾಪಸ್ ಬಂದದ್ದು ಡ್ರಾಫ್ಟ್ ಆಗಿ ಬರುತ್ತದೆ. ಸರಿ, ಪಬ್ಲಿಷ್ ಒತ್ತುತ್ತಾರೆ. ಪುಟ ಬಂತು, ಮುಖಪುಟ ಬರಲಿಲ್ಲ. ಯಾಕೆಂದರೆ ಸೆಟ್ಟಿಂಗ್ ಇನ್ನೂ ಸರಿಯಾಗಿಲ್ಲ, ಅದು ಇರುವ ರೀಡಿಂಗ್ ಸೆಟ್ಟಿಂಗ್ಸ್ ಪುಟ ಎಡಿಟರ್‌ಗೆ ತೆರೆಯುವುದಿಲ್ಲ. ಕೆಡಿಸಲು ಪರ್ಮಿಷನ್ ಇದೆ, ಸರಿಮಾಡಲು ಇಲ್ಲ. ಭಾನುವಾರ ಸಂಜೆ ಹೀಗಾದರೆ ಆ ಮನುಷ್ಯನ ಗತಿ ಏನು ಹೇಳಿ.

ಅಡ್ಮಿನ್ ಆಗಿ ಕೂತು ನೋಡಿದರೆ ಇದು ಯಾವತ್ತೂ ಗೊತ್ತಾಗುವುದಿಲ್ಲ. ನಮಗೆ ಸೆಟ್ಟಿಂಗ್ಸ್ ಪುಟ ಎರಡು ಕ್ಲಿಕ್ ದೂರ. ಈಗ ನಾನು ಕ್ಲೈಂಟ್ ಎಡಿಟರ್‌ನಿಂದ ಪ್ರಕಟವಾದ ಪುಟ ಅಳಿಸುವ ಹಕ್ಕನ್ನು ತೆಗೆದುಬಿಡುತ್ತೇನೆ. ತಿದ್ದಲಿ, ಹೊಸದು ಸೇರಿಸಲಿ. ಪುಟ ಬೇಡ ಎಂದರೆ ಡ್ರಾಫ್ಟ್‌ಗೆ ಇಳಿಸಲು ಹೇಳುತ್ತೇನೆ. ಆದರೆ ಹೋಮ್ ಪೇಜ್ ಡ್ರಾಫ್ಟ್ ಆದರೂ ಸೈಟ್ ತೆರೆದವರಿಗೆ ಅದು ಕಾಣುವುದಿಲ್ಲ, ಅದಕ್ಕೆ ಆ ಒಂದು ಪುಟವನ್ನು ಮುಟ್ಟದಂತೆ ಬೇರೆಯಾಗಿ ಕೋಡ್‌ನಲ್ಲೇ ಕಟ್ಟುತ್ತೇನೆ. ಬ್ಯಾನರ್ ಫೋಟೊ, ಸೂಚನೆಯ ಸಾಲು ಇಂಥವನ್ನು ಬೇರೆ ಜಾಗದಿಂದ ಬದಲಿಸುವಂತೆ ಮಾಡಿಕೊಡುತ್ತೇನೆ.

ಎಡಿಟರ್‌ನದೇ ಇನ್ನೊಂದು ವಿಚಿತ್ರ. ಸೈಟಿನ ಎಲ್ಲ ಪುಟ ತಿದ್ದಬಹುದು, ಪ್ರೈವಸಿ ಪಾಲಿಸಿ ಎಂದು ಗುರುತು ಮಾಡಿದ ಪುಟ ಮಾತ್ರ ಆಗುವುದಿಲ್ಲ. ಅದು ಅಡ್ಮಿನ್‌ಗೆ ಮಾತ್ರ. ಯೂರೋಪಿನ ಡೇಟಾ ಕಾನೂನು ಜಾರಿಗೆ ಬಂದ 2018ರ ಮೇ ತಿಂಗಳಲ್ಲೇ ವರ್ಡ್‌ಪ್ರೆಸ್‌ಗೂ ಪ್ರೈವಸಿಯ ಸೌಲಭ್ಯಗಳು ಬಂದವು. ಆಗಿನಿಂದ ಹೀಗೆ. ಕ್ಲಿನಿಕ್‌ನವರು ‘ಫೋನ್ ನಂಬರ್ ಎಲ್ಲ ಕಡೆ ಬದಲಿಸಿದೆ, ಒಂದು ಪುಟದಲ್ಲಿ ಎಡಿಟ್ ಅನ್ನೋದೇ ಇಲ್ಲ’ ಎಂದಾಗ ಅದು ಯಾವ ಪುಟ ಎಂದು ನೋಡದೆಯೇ ಹೇಳಬಹುದು. ಮೆನು ಕೂಡ ಹೀಗೆಯೇ. ಹೊಸ ಪುಟ ಮಾಡುತ್ತಾರೆ, ಅದನ್ನು ಮೇಲಿನ ಮೆನುಗೆ ಸೇರಿಸಲು ದಾರಿ ಇಲ್ಲ, ಏಕೆಂದರೆ ಮೆನು ಥೀಮ್‌ನ ಹಕ್ಕಿಗೆ ಸೇರಿದ್ದು. ಮೆನುಗಾಗಿ ಆ ಹಕ್ಕನ್ನು ಕೊಟ್ಟರೆ ಜೊತೆಗೆ ಸೈಟಿನ ರೂಪ ಬದಲಿಸುವ ವಿಜೆಟ್, ಕಸ್ಟಮೈಸರ್ ಎಲ್ಲ ತೆರೆದುಕೊಳ್ಳುತ್ತವೆ. ಹೊಸ ಬ್ಲಾಕ್ ಥೀಮ್‌ಗಳಲ್ಲಾದರೆ ಇಡೀ ಸೈಟಿನ ವಿನ್ಯಾಸ ತಿದ್ದುವ ‘ಸೈಟ್ ಎಡಿಟರ್’ ಎಂಬ ಸಾಧನವೇ ಕೈಗೆ ಬರುತ್ತದೆ. ವರ್ಷಕ್ಕೆ ಒಂದೆರಡು ಸಲ ಬದಲಾಗುವ ಮೆನುಗೆ ಇಷ್ಟು ಬಾಗಿಲು ತೆರೆಯುವುದು ಬೇಡ. ಮೆನು ನನಗೆ ಹೇಳಿ, ಅವತ್ತೇ ಮಾಡಿಕೊಡುತ್ತೇನೆ ಎನ್ನುತ್ತೇನೆ, ಮಾಡಿಯೂ ಕೊಡುತ್ತೇನೆ.

ಗೂಗಲ್ ಮ್ಯಾಪ್ ಅಂಟಿಸುವ ವಿಷಯವನ್ನೂ ಹೇಳಿಬಿಡುತ್ತೇನೆ. ಆಥರ್ ಲಾಗಿನ್‌ನವರು ಮ್ಯಾಪ್‌ನ ಕೋಡ್ ಅಂಟಿಸಿ ಸೇವ್ ಮಾಡಿದರೆ ಮ್ಯಾಪ್ ಮಾಯವಾಗುತ್ತದೆ. ಸೈಟ್ ಕೆಟ್ಟಿಲ್ಲ. ಐಫ್ರೇಮ್‌ನಂಥ (ಬೇರೆ ಸೈಟಿನದನ್ನು ನಮ್ಮ ಪುಟದೊಳಗೆ ತೋರಿಸುವ) ಕೋಡ್ ಹಾಕುವ ಹಕ್ಕು ಎಡಿಟರ್ ಮತ್ತು ಅಡ್ಮಿನ್‌ಗೆ ಮಾತ್ರ ಇರುವುದರಿಂದ ಸೇವ್ ಆಗುವಾಗಲೇ ಅದನ್ನು ಕಿತ್ತುಹಾಕುತ್ತದೆ. ಯೂಟ್ಯೂಬ್ ಲಿಂಕ್ ಸುಮ್ನೆ ಅಂಟಿಸಿದರೆ ವಿಡಿಯೊ ಬರುತ್ತದೆ, ಅದಕ್ಕೆ ಬೇರೆ ವ್ಯವಸ್ಥೆ ಇದೆ. ಈ ತಡೆ ಇರಲೇಬೇಕು. ಯಾರದೋ ಪಾಸ್‌ವರ್ಡ್ ಕದ್ದವನು ಮೊದಲು ಹಾಕುವುದು ಇಂಥ ಕೋಡನ್ನೇ.

ಈಗ ಮಾಡಬಾರದ್ದನ್ನು ಮಾಡಿ ನೋಡುವ ಭಾಗ. ಇಲ್ಲೇ ನನಗೆ ಹೆಚ್ಚು ಸಮಯ ಹಿಡಿಯುವುದು. ಕ್ಲೈಂಟ್ ಲಾಗಿನ್ ಆದಾಗ ಕಾಣುವ ಡ್ಯಾಶ್‌ಬೋರ್ಡ್ ಚೊಕ್ಕಟವಾಗಿರಲಿ ಎಂದು ಎಡಗಡೆಯ ಮೆನುವಿನಿಂದ ಬೇಡದ್ದನ್ನೆಲ್ಲ ತೆಗೆಯುವುದು ಸಾಮಾನ್ಯ. ಅದಕ್ಕೆ ಪ್ಲಗಿನ್‌ಗಳೂ ಇವೆ, ಒಂದು ಸಾಲಿನ ಕೋಡೂ ಇದೆ. ತಪ್ಪೇನಿಲ್ಲ, ಕಣ್ಣಿಗೆ ಹಿತ. ಆದರೆ ಮೆನುವಿನಲ್ಲಿ ಕಾಣದಂತೆ ಮಾಡುವುದು ಬೇರೆ, ಹಕ್ಕು ಇಲ್ಲದಂತೆ ಮಾಡುವುದು ಬೇರೆ. ಮೆನು ಮುಚ್ಚಿದ್ದರೂ ಆ ಪುಟದ ವಿಳಾಸವನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿದರೆ ಪುಟ ತೆರೆದುಕೊಳ್ಳುತ್ತದೆ. ನನ್ನ ಕೈಗೆ ಬಂದ ಒಂದು ಹಳೆಯ ಸೈಟಿನಲ್ಲಿ ಆಫೀಸಿನ ನಾಲ್ವರಿಗೂ ಅಡ್ಮಿನಿಸ್ಟ್ರೇಟರ್ ಕೊಟ್ಟು, ಮೆನು ಮಾತ್ರ ಮುಚ್ಚಿದ್ದರು. ನೋಡಿದರೆ ನೋಟಿಸ್ ಹಾಕುವುದು ಬಿಟ್ಟು ಬೇರೇನೂ ಕಾಣದು. ಪ್ಲಗಿನ್ ಪುಟದ ವಿಳಾಸ ಟೈಪ್ ಮಾಡಿದೆ, ಪಟ್ಟಿಯೆಲ್ಲ ಬಂತು, ಪಕ್ಕದಲ್ಲಿ ಡಿಆಕ್ಟಿವೇಟ್ ಬಟನ್ ಸಮೇತ.

ಹಾಗಾಗಿ ಕ್ಲೈಂಟ್ ಲಾಗಿನ್‌ನಲ್ಲಿ ಕೂತು ಮುಖ್ಯ ವಿಳಾಸಗಳನ್ನೆಲ್ಲ ಕೈಯಾರೆ ಟೈಪ್ ಮಾಡುತ್ತೇನೆ. ಸೆಟ್ಟಿಂಗ್ಸ್, ಯೂಸರ್ಸ್, ಪ್ಲಗಿನ್ಸ್, ಥೀಮ್ಸ್, ಎಕ್ಸ್‌ಪೋರ್ಟ್. ಪ್ರತಿಯೊಂದರಲ್ಲೂ ‘ಈ ಪುಟ ನೋಡಲು ನಿಮಗೆ ಅನುಮತಿ ಇಲ್ಲ’ ಎಂಬ ಬಿಳಿ ಪುಟ ಬರಬೇಕು. ಆ ಬಿಳಿ ಪುಟ ಬಂದರೆ ನನಗೆ ಸಮಾಧಾನ. ಆಮೇಲೆ ಸೈಟಿನಲ್ಲಿರುವ ಪ್ರತಿ ಪ್ಲಗಿನ್‌ನ ಪುಟವನ್ನೂ ಹೀಗೇ ನೋಡುತ್ತೇನೆ. ಏಕೆಂದರೆ ಪ್ಲಗಿನ್ ಬರೆದವರು ತಮ್ಮ ಪುಟಕ್ಕೆ ಯಾವ ಹಕ್ಕು ಕೇಳಬೇಕು ಎಂದು ತಾವೇ ತೀರ್ಮಾನ ಮಾಡಿರುತ್ತಾರೆ. ಅದು ವರ್ಡ್‌ಪ್ರೆಸ್‌ನ ಕೋಷ್ಟಕದಲ್ಲಿ ಇರುವುದಿಲ್ಲ. ಅಡ್ಮಿಷನ್ ವಿಚಾರಣೆಯ ಫಾರ್ಮ್ ಇದ್ದರೆ, ಅದರಲ್ಲಿ ಬಂದ ಹೆಸರು, ಫೋನ್ ನಂಬರ್, ಊರು ಯಾರಿಗೆಲ್ಲ ಕಾಣುತ್ತದೆ ಎಂದು ಪ್ರತಿ ಲಾಗಿನ್‌ನಿಂದಲೂ ನೋಡಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರು ಮಕ್ಕಳು. ಪಿಯು ಸೇರುವವರು ಹೆಚ್ಚುಕಡಿಮೆ ಎಲ್ಲರೂ ಅದೇ ವಯಸ್ಸಿನವರು. ಆ ಹೆಣ್ಣುಮಕ್ಕಳ ಫೋನ್ ನಂಬರ್ ಆಫೀಸಿಗೆ ಬಂದು ಹೋಗುವ ಯಾರ ಕಣ್ಣಿಗೂ ಬೀಳಬಾರದು ಎಂದು ಹೇಳಲು ನನಗಂತೂ ಕಾಯ್ದೆಯೂ ಬೇಕಾಗಿಲ್ಲ.

ಸೀರೆ ಅಂಗಡಿಯದು ವೂಕಾಮರ್ಸ್ ಎಂಬ, ಆನ್‌ಲೈನ್ ಮಾರಾಟದ ಪ್ಲಗಿನ್ ಇರುವ ಸೈಟ್. ಅಲ್ಲಿ ಆರ್ಡರ್ ಪ್ಯಾಕ್ ಮಾಡುವ ಹುಡುಗ ಇದ್ದಾನೆ. ಚುರುಕು, ನಂಬಿಕಸ್ಥ. ಅವನಿಗೆ ಬೇಕಾದ್ದು ಇಷ್ಟೇ: ಆರ್ಡರ್ ನೋಡಬೇಕು, ವಿಳಾಸ ತೆಗೆದುಕೊಳ್ಳಬೇಕು, ಕೊರಿಯರ್‌ಗೆ ಕೊಟ್ಟ ಮೇಲೆ ಕಂಪ್ಲೀಟೆಡ್ ಎಂದು ಬದಲಿಸಬೇಕು. ಮಾಲೀಕರು ಹೇಳಿದರು, ‘ಶಾಪ್ ಮ್ಯಾನೇಜರ್ ಅಂತ ಇದೆಯಲ್ಲ ಮೇಡಂ, ಅದನ್ನೇ ಕೊಟ್ಟುಬಿಡಿ. ಅವನು ನಮ್ಮ ಮನೆ ಹುಡುಗನ ಹಾಗೆ.’

ನಾನು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಾಪ್ ಮ್ಯಾನೇಜರ್ ಲಾಗಿನ್ ತೆರೆದೆ. ವೂಕಾಮರ್ಸ್ ಸೆಟ್ಟಿಂಗ್ಸ್, ಅದರಲ್ಲಿ ಪೇಮೆಂಟ್ಸ್, ಅದರಲ್ಲಿ ನೇರ ಬ್ಯಾಂಕ್ ವರ್ಗಾವಣೆ. ಅಂಗಡಿಯ ಬ್ಯಾಂಕ್ ಖಾತೆ ನಂಬರ್ ಇರುವ ಜಾಗ ಅದು. ತಿದ್ದಲು ಬರುತ್ತದೆ. ಗಿರಾಕಿ ಆ ಖಾತೆಗೇ ದುಡ್ಡು ಹಾಕುತ್ತಾರೆ. ಒಟ್ಟು ಮಾರಾಟದ ಲೆಕ್ಕವೂ ಪಕ್ಕದಲ್ಲೇ ಕಾಣುತ್ತದೆ. ಮಾಲೀಕರು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, ‘ಅವನ ಮೇಲೆ ಅನುಮಾನ ಅಂತಲ್ಲ, ಆದರೂ ಇದು ಬೇಡ’ ಎಂದರು. ನಾನು ಹೇಳುವುದೂ ಅದೇ. ಹುಡುಗ ಒಳ್ಳೆಯವನೇ. ಆದರೆ ಅವನ ಫೋನ್ ಕಳೆದರೆ, ಅವನ ಪಾಸ್‌ವರ್ಡ್ ಇನ್ಯಾರಿಗೋ ಸಿಕ್ಕರೆ, ನಾಳೆ ಅಲ್ಲಿ ಏನು ಬದಲಾದರೂ ಮೊದಲು ಕೇಳುವುದು ಅವನನ್ನೇ. ಕಡಿಮೆ ಪರ್ಮಿಷನ್ ಕೊಡುವುದರಿಂದ ಕಾಪಾಡುವುದು ಅವನನ್ನೂ ಸೇರಿಸಿ.

ಶಾಪ್ ಮ್ಯಾನೇಜರ್ ಬಗ್ಗೆ ಇನ್ನೊಂದು ಸಂಗತಿ ಈ ಕೆಲಸದಲ್ಲಿರುವವರಿಗೆ ತಿಳಿದಿರಬೇಕು. ಆ ರೋಲ್‌ಗೆ ಬಳಕೆದಾರರ ವಿವರ ತಿದ್ದುವ ಹಕ್ಕಿದೆ. ಗಿರಾಕಿಗಳದ್ದು ಮಾತ್ರ ತಿದ್ದಲಿ, ಅಡ್ಮಿನ್‌ದು ಬೇಡ ಎಂಬ ತಡೆಯನ್ನು ವೂಕಾಮರ್ಸ್ ಪ್ಲಗಿನ್ ತಾನೇ ಹಾಕುತ್ತದೆ. ಆದರೆ ರೋಲ್‌ಗಳು ಡೇಟಾಬೇಸ್‌ನಲ್ಲಿ ಬರೆದಿರುತ್ತವೆ, ತಡೆ ಇರುವುದು ಪ್ಲಗಿನ್‌ನ ಕೋಡ್‌ನಲ್ಲಿ. ಪ್ಲಗಿನ್ ನಿಂತರೆ ತಡೆ ಹೋಯಿತು, ಹಕ್ಕು ಉಳಿಯಿತು. 2018ರಲ್ಲಿ ಸುರಕ್ಷತಾ ಸಂಶೋಧಕರು ತೋರಿಸಿದ್ದು ಇದನ್ನೇ. ಪ್ಲಗಿನ್‌ನ ಮುಖ್ಯ ಫೈಲನ್ನು ಅಳಿಸಲು ಬರುವ ಒಂದು ದೋಷ ಆಗ ಅದರಲ್ಲೇ ಇತ್ತು. ಶಾಪ್ ಮ್ಯಾನೇಜರ್ ಅದನ್ನು ಬಳಸಿ ಪ್ಲಗಿನ್ ನಿಲ್ಲಿಸಿ, ಅಡ್ಮಿನ್‌ನ ಪಾಸ್‌ವರ್ಡ್ ಬದಲಿಸಬಹುದಿತ್ತು. ವೂಕಾಮರ್ಸ್‌ನ 3.4.6 ಆವೃತ್ತಿಯಲ್ಲಿ ಆ ದೋಷ ಸರಿಯಾಯಿತು. ಆದರೆ ಪಾಠ ಬೇರೆ ಎಲ್ಲ ಪ್ಲಗಿನ್‌ಗಳಿಗೂ ಸಲ್ಲುತ್ತದೆ. ಪ್ಲಗಿನ್ ತೆಗೆದುಹಾಕಿದ ಮೇಲೂ ಅದು ಸೇರಿಸಿದ ರೋಲ್‌ಗಳು ಹಾಗೆಯೇ ಉಳಿದಿರಬಹುದು. ಎಂದೋ ತೆಗೆದ ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರಲು ನೆರವಾಗುವ) ಪ್ಲಗಿನ್‌ನ ರೋಲ್ ಇನ್ನೂ ಪಟ್ಟಿಯಲ್ಲಿ ಕೂತಿರುವುದನ್ನು ನೀವೂ ನೋಡಿರಬಹುದು.

ಪ್ಯಾಕಿಂಗ್ ಹುಡುಗನಿಗೆ ಆರ್ಡರ್‌ಗಳ ಹಕ್ಕುಗಳನ್ನು ಮಾತ್ರ ಸೇರಿಸಿ ಹೊಸ ರೋಲ್ ಮಾಡಿದೆ. ಲಾಗಿನ್ ಮಾಡಿದರೆ ಡ್ಯಾಶ್‌ಬೋರ್ಡ್ ಬರಲೇ ಇಲ್ಲ, ಗಿರಾಕಿಗಳು ನೋಡುವ ‘ಮೈ ಅಕೌಂಟ್’ ಪುಟಕ್ಕೆ ತಳ್ಳಿತು. ವೂಕಾಮರ್ಸ್ ಇರುವ ಸೈಟಿನಲ್ಲಿ ಪೋಸ್ಟ್ ತಿದ್ದುವ ಹಕ್ಕಾಗಲಿ, ವೂಕಾಮರ್ಸ್ ನಡೆಸುವ ಹಕ್ಕಾಗಲಿ ಇಲ್ಲದವರನ್ನು ಅದು ಗಿರಾಕಿ ಎಂದೇ ತಿಳಿಯುತ್ತದೆ. ಅವೆರಡೂ ಬೇಡವಾದರೆ ‘ವ್ಯೂ ಅಡ್ಮಿನ್ ಡ್ಯಾಶ್‌ಬೋರ್ಡ್’ ಎಂಬ ಮೂರನೆಯದೊಂದನ್ನು ಸೇರಿಸಬೇಕು. ಸೇರಿಸಿದೆ, ಸರಿಹೋಯಿತು. ಅವನ ಪ್ರೊಫೈಲ್‌ನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಟ್ಟೆ. ಸೈಟಿನ ಭಾಷೆ ಏನೇ ಇರಲಿ, ಒಬ್ಬೊಬ್ಬರಿಗೂ ಬೇರೆ ಭಾಷೆ ಇಡುವ ಅನುಕೂಲ 2016ರ ಕೊನೆಯ ವರ್ಡ್‌ಪ್ರೆಸ್ 4.7ರಿಂದಲೇ ಇದೆ. ಬಹಳ ಜನ ಬಳಸುವುದೇ ಇಲ್ಲ. ಪ್ಲಗಿನ್‌ಗಳ ಎಲ್ಲ ಪದಗಳೂ ಕನ್ನಡವಾಗುವುದಿಲ್ಲ, ಆದರೂ ಅವನಿಗೆ ಅಷ್ಟಾದರೂ ತನ್ನದು ಅನಿಸಿತು.

ಹಳೆಯ ಲಾಗಿನ್‌ಗಳ ವಿಷಯಕ್ಕೆ ಬರುತ್ತೇನೆ. ಸೈಟ್ ಒಪ್ಪಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಜನ ಬದಲಾಗುತ್ತಾರೆ. ಗೆಸ್ಟ್ ಲೆಕ್ಚರರ್ ಬೇರೆ ಕಾಲೇಜಿಗೆ ಹೋಗುತ್ತಾರೆ, ಕ್ಲರ್ಕ್‌ಗೆ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ. ಲಾಗಿನ್ ಮಾತ್ರ ಅಲ್ಲೇ ಇರುತ್ತದೆ. ಅದನ್ನು ಡಿಲೀಟ್ ಮಾಡಲು ಹೋದರೆ ವರ್ಡ್‌ಪ್ರೆಸ್ ಒಂದು ಪ್ರಶ್ನೆ ಕೇಳುತ್ತದೆ: ಇವರು ಬರೆದದ್ದನ್ನೆಲ್ಲ ಏನು ಮಾಡಲಿ, ಅಳಿಸಲೋ, ಬೇರೆಯವರ ಹೆಸರಿಗೆ ಹಾಕಲೋ? ಅವಸರದಲ್ಲಿ ಮೊದಲನೆಯದನ್ನು ಒತ್ತಿದರೆ ಅವರು ಹಾಕಿದ ನೋಟಿಸ್, ವರದಿ ಎಲ್ಲ ಹೋಗುತ್ತದೆ. ನಾನು ಡಿಲೀಟ್ ಮಾಡುವುದೇ ಇಲ್ಲ. ರೋಲ್ ಜಾಗದಲ್ಲಿ ‘ಈ ಸೈಟಿನಲ್ಲಿ ಯಾವ ರೋಲೂ ಇಲ್ಲ’ ಎಂಬ ಆಯ್ಕೆ ಇದೆ, ಅದನ್ನಿಟ್ಟು ಪಾಸ್‌ವರ್ಡ್ ಬದಲಿಸುತ್ತೇನೆ. ಬರೆದವರ ಹೆಸರು ಬರಹದ ಮೇಲೆ ಉಳಿಯುತ್ತದೆ. ಅದು ಉಳಿಯಬೇಕಾದ್ದೇ, ಅಲ್ವಾ.

ಪಾಸ್‌ವರ್ಡ್ ಬದಲಿಸಿದರೆ ಬೇರೆ ಕಂಪ್ಯೂಟರ್‌ಗಳಲ್ಲಿ ತೆರೆದಿದ್ದ ಲಾಗಿನ್‌ಗಳೂ ಬಿದ್ದುಹೋಗುತ್ತವೆ. ಆದರೆ ಅಪ್ಲಿಕೇಶನ್ ಪಾಸ್‌ವರ್ಡ್ ಬೀಳುವುದಿಲ್ಲ. ವರ್ಡ್‌ಪ್ರೆಸ್ 5.6ರಲ್ಲೇ ಬಂದ ಸೌಲಭ್ಯ ಇದು, ಮೊಬೈಲ್ ಆ್ಯಪ್ ಅಥವಾ ಬೇರೆ ಸೇವೆಗಳು ಸೈಟಿಗೆ ಸೇರಲು ಬೇರೆಯದೇ ಪಾಸ್‌ವರ್ಡ್. ಪ್ರೊಫೈಲ್ ಪುಟದ ಕೆಳಗೆ ಇಳಿದು ಹೋಗಿ, ಅಲ್ಲಿ ಏನಾದರೂ ಇದ್ದರೆ ರದ್ದು ಮಾಡಬೇಕು. ಅಲ್ಲಿಯವರೆಗೆ ಸ್ಕ್ರಾಲ್ ಮಾಡುವವರು ಕಡಿಮೆ.

ಜನರಲ್ ಸೆಟ್ಟಿಂಗ್ಸ್‌ನಲ್ಲಿ ಎರಡು ಸಾಲು ನೋಡುವುದನ್ನೂ ಮರೆಯಬೇಡಿ. ಯಾರು ಬೇಕಾದರೂ ರಿಜಿಸ್ಟರ್ ಆಗಬಹುದೇ, ಹೊಸಬರಿಗೆ ಯಾವ ರೋಲ್. ಅಂಗಡಿ ಸೈಟ್ ಅಲ್ಲದಿದ್ದರೆ ಮೊದಲನೆಯದು ಮುಚ್ಚಿರಬೇಕು, ಎರಡನೆಯದು ಸಬ್‌ಸ್ಕ್ರೈಬರ್‌ಗಿಂತ ಮೇಲೆ ಇರಲೇಬಾರದು. 2018ರ ನವೆಂಬರ್‌ನಲ್ಲಿ ಒಂದು ಹೆಸರಾಂತ ಪ್ಲಗಿನ್‌ನ ದೋಷ ಬಳಸಿ ಕಳ್ಳರು ಬದಲಿಸಿದ್ದು ಈ ಎರಡು ಸಾಲನ್ನೇ. ರಿಜಿಸ್ಟ್ರೇಷನ್ ತೆರೆದು, ಹೊಸಬರ ರೋಲ್ ಅಡ್ಮಿನಿಸ್ಟ್ರೇಟರ್ ಎಂದಿಟ್ಟು, ಬಾಗಿಲಿನಿಂದಲೇ ಒಳಗೆ ಬಂದರು.

ಒಂದೇ ಲಾಗಿನ್ ಅನ್ನು ಆಫೀಸಿನವರೆಲ್ಲ ಬಳಸುವುದಕ್ಕೆ ನಾನು ಒಪ್ಪುವುದಿಲ್ಲ. ಸೊಸೈಟಿಯಲ್ಲಿ ಅಡಿಕೆ ದರ ದಿನಾ ಹಾಕಬೇಕು. ಬೆಟ್ಟೆಗೆ ಇಷ್ಟು, ರಾಶಿ ಇಡಿಗೆ ಇಷ್ಟು ಎಂದು. ರೈತರು ಅದನ್ನು ನೋಡಿಯೇ ಮಾಲು ತರುವುದೋ ಬೇಡವೋ ಎಂದು ಯೋಚಿಸುತ್ತಾರೆ. ಒಂದು ಸೊನ್ನೆ ಹೆಚ್ಚುಕಡಿಮೆಯಾದರೆ ಸಂಜೆಯೊಳಗೆ ಕೌಂಟರ್ ಮುಂದೆ ಜನ. ಯಾರು ಹಾಕಿದ್ದು ಎಂದು ರಿವಿಷನ್ (ಹಿಂದಿನ ತಿದ್ದುಪಡಿಗಳ ದಾಖಲೆ) ತೆರೆದು ನೋಡಿದರೆ ‘ಆಫೀಸ್’ ಎಂದಿರುತ್ತದೆ. ಬೈಗುಳ ಹಂಚಲಿಕ್ಕೆ ಹೇಳುತ್ತಿಲ್ಲ. ಯಾರಿಗೆ ಎಲ್ಲಿ ಗೊಂದಲವಾಯಿತು ಎಂದು ಗೊತ್ತಾದರೆ ಆ ಫಾರ್ಮನ್ನೇ ಸರಿಮಾಡಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಕಾಲೇಜಿನ ಟ್ರಸ್ಟ್ ಸೆಕ್ರೆಟರಿ ಕೇಳಿದ ಮಾತನ್ನು ಬರೆಯಲೇಬೇಕು. ಹಿರಿಯರು, ಎಪ್ಪತ್ತು ದಾಟಿದವರು. ‘ಅಲ್ಲಮ್ಮಾ, ದುಡ್ಡು ಕೊಟ್ಟವರು ನಾವು. ಪೂರ್ತಿ ಅಧಿಕಾರ ನಿನ್ನ ಹತ್ತಿರ ಯಾಕೆ?’ ಎಂದರು. ನೂರಕ್ಕೆ ನೂರು ನ್ಯಾಯವಾದ ಪ್ರಶ್ನೆ. ಕೆಲವರು ಇದೇ ಪರ್ಮಿಷನ್ ನೆಪ ಮಾಡಿಕೊಂಡು ಕ್ಲೈಂಟ್‌ಗೆ ಅಡ್ಮಿನ್ ಕೊಡದೆ, ಡೊಮೈನನ್ನೂ ತಮ್ಮ ಹೆಸರಿನಲ್ಲೇ ಇಟ್ಟುಕೊಂಡು ಕಟ್ಟಿಹಾಕುತ್ತಾರೆ. ಹಾಗೆ ಸಿಕ್ಕಿಬಿದ್ದು ಬಂದವರನ್ನು ನಾನು ನೋಡಿದ್ದೇನೆ. ಹೋಸ್ಟಿಂಗ್ ಕೈಯಲ್ಲಿದ್ದರೆ ಡೇಟಾಬೇಸ್ ತೆರೆದು ಲಾಗಿನ್ ವಾಪಸ್ ಪಡೆಯಬಹುದು. ಅದೂ ಇಲ್ಲದಿದ್ದರೆ ಸೈಟನ್ನು ಮೊದಲಿನಿಂದ ಕಟ್ಟಬೇಕು. ಇದು ಅನ್ಯಾಯ.

ಯಜಮಾನಿಕೆ ಬೇರೆ, ದಿನದ ಕೆಲಸ ಬೇರೆ. ಸೆಕ್ರೆಟರಿಯವರಿಗೆ ಅವರದೇ ಮೇಲ್‌ಗೆ ಒಂದು ಅಡ್ಮಿನಿಸ್ಟ್ರೇಟರ್ ಲಾಗಿನ್ ಮಾಡಿ, ವಿವರವನ್ನು ಅಚ್ಚು ಹಾಕಿಸಿ, ಕವರ್‌ನಲ್ಲಿ ಮುಚ್ಚಿ, ಟ್ರಸ್ಟಿನ ಕಾಗದಪತ್ರಗಳ ಜೊತೆ ಇಡಲು ಕೊಟ್ಟೆ. ಡೊಮೈನ್, ಹೋಸ್ಟಿಂಗ್ ಎರಡೂ ಟ್ರಸ್ಟಿನ ಹೆಸರಿನಲ್ಲಿವೆ. ಸೈಟಿನ ಅಡ್ಮಿನ್ ಮೇಲ್ ಕೂಡ ಅವರದೇ, ನನ್ನದಲ್ಲ. ದಿನಾ ನೋಟಿಸ್ ಹಾಕಲು ಮಾತ್ರ ಆ ಲಾಗಿನ್ ಬಳಸಬೇಡಿ ಎಂದೆ. ನಾಳೆ ನಾನು ಈ ಕೆಲಸ ಬಿಟ್ಟರೂ, ನನ್ನನ್ನು ಅವರು ಬಿಟ್ಟರೂ, ಆ ಕವರ್ ಒಡೆದು ಬೇರೆಯವರ ಕೈಗೆ ಸೈಟ್ ಒಪ್ಪಿಸಬಹುದು. ಅಡ್ಮಿನ್ ಲಾಗಿನ್ ಇದ್ದರೂ ಡ್ಯಾಶ್‌ಬೋರ್ಡ್‌ನಿಂದಲೇ ಥೀಮ್ ಮತ್ತು ಪ್ಲಗಿನ್‌ನ ಕೋಡ್ ತಿದ್ದುವ ಪುಟವನ್ನು ಕಾನ್ಫಿಗ್ ಫೈಲ್‌ನಲ್ಲಿ ಒಂದು ಸಾಲು ಬರೆದು ಮುಚ್ಚುತ್ತೇನೆ. ಅದು ನನಗೂ ಬೇಕಿಲ್ಲ, ಅವರಿಗೂ ಬೇಕಿಲ್ಲ, ಕಳ್ಳನಿಗೆ ಮಾತ್ರ ಬೇಕು.

ನೋಡುವ ರೀತಿಯ ಬಗ್ಗೆ ಕೇಳಿದವರಿಗೆ ಹೇಳುವುದು: ಯೂಸರ್ ಸ್ವಿಚಿಂಗ್ ಎಂಬ ಪ್ಲಗಿನ್ ಚೆನ್ನಾಗಿದೆ, ಅಡ್ಮಿನ್ ಆಗಿದ್ದುಕೊಂಡೇ ಬೇರೆಯವರ ಲಾಗಿನ್‌ಗೆ ಜಿಗಿದು ವಾಪಸ್ ಬರಬಹುದು. ಫೋನ್‌ನಲ್ಲಿ ಯಾರಾದರೂ ‘ಕಾಣ್ತಾ ಇಲ್ಲ’ ಎಂದಾಗ ತಕ್ಷಣ ಅವರ ಸ್ಕ್ರೀನ್ ನೋಡಲು ನಾನೂ ಅದನ್ನೇ ಬಳಸುತ್ತೇನೆ. ಸೈಟ್ ಒಪ್ಪಿಸುವ ದಿನ ಮಾತ್ರ ಪ್ರೈವೇಟ್ ವಿಂಡೋ, ನಿಜವಾದ ಪಾಸ್‌ವರ್ಡ್, ಸಾಧ್ಯವಾದರೆ ಅವರದೇ ಆಫೀಸಿನ ಕಂಪ್ಯೂಟರ್. ಪಾಸ್‌ವರ್ಡ್ ಮರೆತರೆ ಮೇಲ್ ಬರುತ್ತದೆಯೇ ಎಂಬುದು ಹಾಗೆ ನೋಡಿದರೇ ಗೊತ್ತಾಗುವುದು.

ಕಾಲೇಜಿನ ಸೈಟಿನ ಯೂಸರ್ ಪಟ್ಟಿಯನ್ನು ಪ್ರತಿ ವರ್ಷ ಜೂನ್‌ನಲ್ಲಿ, ಹೊಸ ಸ್ಟಾಫ್ ಬಂದ ಮೇಲೆ ನೋಡುತ್ತೇನೆ. ಈ ಸಲದ್ದು ಮುಗಿಯಿತು, ಇಬ್ಬರು ಹೋಗಿದ್ದರು, ಒಬ್ಬರು ಬಂದಿದ್ದಾರೆ. ಸೊಸೈಟಿಯದು ಸೆಪ್ಟೆಂಬರ್‌ನಲ್ಲಿ ಸರ್ವಸದಸ್ಯರ ಸಭೆ ಆದ ಮೇಲೆ. ಸೀರೆ ಅಂಗಡಿಯದು ದೀಪಾವಳಿಗೆ ಮುಂಚೆ ಆಗಲೇಬೇಕು, ಆಗ ಪ್ಯಾಕಿಂಗ್‌ಗೆ ಇನ್ನೂ ಇಬ್ಬರು ಹುಡುಗರನ್ನು ತೆಗೆದುಕೊಳ್ಳುತ್ತಾರಂತೆ.